ಎಲ್ಲರ ಕಣ್ಣೂ ಪಾಸಾದ ಶಾಲೆ

ವನಿತಾ ಬೆಳೆದದ್ದು ಬಂಗಾರಪೇಟೆ ಹತ್ತಿರದ ಕೂಲಿಯವರ ಮನೆಯಲ್ಲಿ. ಅಮ್ಮ ಮುನಿಗಂಗಮ್ಮ ಟೊಮೇಟೊ ತೋಟಗಳಲ್ಲಿ ಬೆನ್ನು ಬಗ್ಗಿಸಿ ದುಡಿದು ಮಗಳನ್ನು ಓದಿಸಿದ್ದಳು. ನರ್ಸ್ ಆಗಬೇಕೆಂದು ಹೊರಟವಳಿಗೆ ಸಿಕ್ಕಿದ್ದು ಕಣ್ಣು ಪರೀಕ್ಷೆಯ ಡಿಪ್ಲೊಮಾ. ಈಗ ಅವಳಿಗೆ ನಲವತ್ತೊಂದು. ವಾಸ ರಾಬರ್ಟ್‌ಸನ್‌ಪೇಟೆಯಲ್ಲಿ. ವರ್ಷಕ್ಕೊಮ್ಮೆ ಸ್ಕೂಟರಿನಲ್ಲಿ ಕ್ಯಾಸಂಬಳ್ಳಿ ಸುತ್ತಿನ ಒಂಬತ್ತು ಸರ್ಕಾರಿ ಶಾಲೆಗಳಿಗೆ ಹೋಗಿ ಮಕ್ಕಳ ಕಣ್ಣು ನೋಡುವುದು ಅವಳ ಕೆಲಸ.

ಅಕ್ಷರ ಬಾರದ ಮಕ್ಕಳಿಗೂ ಆಗಲಿ ಎಂದು ಆ ಪರೀಕ್ಷೆಯ ಪಟದಲ್ಲಿ ಮೂರು ಹಲ್ಲಿನ ಬಾಚಣಿಗೆಯಂಥ ಗುರುತುಗಳಿರುತ್ತವೆ. ಹಲ್ಲು ಯಾವ ಕಡೆ ತಿರುಗಿದೆ ಎಂದು ಮಗು ಹೇಳಬೇಕು, ಅಷ್ಟೆ.

ಒಂಬತ್ತರಲ್ಲಿ ಅವಳಿಗೆ ಅಚ್ಚುಮೆಚ್ಚಿನದು ಬಂಡೆಕುಂಟೆಯ ಶಾಲೆ. ಅಲ್ಲಿನ ಐವತ್ತೆರಡು ಮಕ್ಕಳಲ್ಲಿ ನಾಲ್ಕು ವರ್ಷದಿಂದ ಒಬ್ಬರಿಗೂ ದೋಷವಿರಲಿಲ್ಲ. ಮೂರು ಮೈಲಿ ಆಚೆಯ ಸೊಣ್ಣಗುಟ್ಟೆಯಲ್ಲೋ, ಪ್ರತಿ ವರ್ಷ ಏಳೆಂಟು ಮಕ್ಕಳಿಗೆ ಕನ್ನಡಕ ಬರೆಯಬೇಕಾಗುತ್ತಿತ್ತು. ಹೋದ ವರ್ಷ ಶಿಕ್ಷಕರ ಸಭೆಯಲ್ಲಿ ವನಿತಾ ಎಲ್ಲರೆದುರು ಸೊಣ್ಣಗುಟ್ಟೆಯ ಟೀಚರ್ ಕವಿತಳನ್ನು ಕೇಳಿಯೇಬಿಟ್ಟಿದ್ದಳು: "ನಿಮ್ಮ ಮಕ್ಳು ಬರೀ ಮೊಬೈಲ್ ನೋಡ್ತಾರಾ ಹೆಂಗೆ? ಬಂಡೆಕುಂಟೆಯವರನ್ನ ನೋಡಿ ಕಲೀರಿ." ಕವಿತ ತಲೆ ತಗ್ಗಿಸಿದ್ದಳು.

ಈ ಜುಲೈನಲ್ಲಿ ವನಿತಾಳ ಹಳೆಯ ಪಟ ಮಳೆಗೆ ನೆನೆದು ಹರಿಯಿತು. ಆಫೀಸಿನಿಂದ ಹೊಸದು ಬಂತು. ಅದನ್ನು ಬಂಡೆಕುಂಟೆ ಶಾಲೆಯ ಗೋಡೆಗೆ ತೂಗುಹಾಕಿ ಮೊದಲ ಹುಡುಗನನ್ನು ಕರೆದಳು.

"ಮೇಲೆ, ಬಲ, ಕೆಳಗೆ, ಬಲ, ಎಡ," ಅಂದ ಹುಡುಗ. ಒಂದೆರಡು ಬಿಟ್ಟು ಎಲ್ಲಾ ತಪ್ಪು. ಪಾಪ, ದೋಷವಿದೆ ಎಂದು ಬರೆದುಕೊಂಡಳು. ಎರಡನೆಯವಳು ಬಂದಳು. "ಮೇಲೆ, ಬಲ, ಕೆಳಗೆ, ಬಲ, ಎಡ." ಮೂರನೆಯವನೂ ಅದೇ ಸಾಲು, ಅದೇ ರಾಗ. ಪಟವನ್ನೇ ತಲೆಕೆಳಗಾಗಿ ಹಾಕಿದೆನೇ ಎಂದು ವನಿತಾ ಎದ್ದು ನೋಡಿದಳು. ಪಟ ಸರಿಯಾಗಿಯೇ ಇತ್ತು. ಆ ಸಾಲು ಮಾತ್ರ ಹಳೆಯ ಪಟದ್ದು.



ನಾಲ್ಕನೇ ಕ್ಲಾಸಿನ ಚಂದನ ಮುಂದೆ ಬಂದು ನಿಂತಳು. ಪಟದ ಕಡೆ ನೋಡುವ ಬದಲು ವನಿತಾಳ ಮುಖವನ್ನೇ ನೋಡುತ್ತಿದ್ದಳು. ಒಂದು ಕಣ್ಣು ಮುಚ್ಚಮ್ಮಾ ಎಂದರೆ, ಹುಡುಗಿ ಎರಡನ್ನೂ ಮುಚ್ಚಿಕೊಂಡಳು.

"ಕಣ್ ಮುಚ್ಕೊಂಡ್ರೂ ಏಳ್ತೀನಿ ಮೇಡಂ. ನಂಗೆ ಪೂರ್ತಿ ಬತ್ತದೆ," ಎಂದು ಹೆಮ್ಮೆಯಿಂದ ಐದು ಸಾಲನ್ನೂ ಒಪ್ಪಿಸಿದಳು.

ಹೆಡ್‌ಮಾಸ್ಟರ್ ಶ್ರೀನಿವಾಸಪ್ಪ ಬಾಗಿಲಲ್ಲೇ ನಿಂತಿದ್ದರು. ಒಳ್ಳೆಯ ಮನುಷ್ಯ, ಮಕ್ಕಳ ಉಗುರನ್ನು ತಾವೇ ಕತ್ತರಿಸುವವರು. "ನಾನೇ ರಟ್ಟಿನ ಮೇಲೆ ಬರೆದು ಶನಿವಾರ ಶನಿವಾರ ಕಲ್ಸಿದೀನಿ ಮೇಡಂ," ಎಂದರು, ಅಡಗಿಸುವ ಗೋಜಿಗೇ ಹೋಗದೆ. "ಐದ್ ವರ್ಷದ ಹಿಂದೆ, ನೀವು ಬಂದ ಮೊದ್ಲ ವರ್ಷ ಐದ್ ಮಕ್ಳು ಫೇಲ್ ಆದ್ವಲ್ಲ, ಊರೋರು ನನ್ ಮೇಲೇ ಬಂದ್ರು. ಎಣ್ಮಕ್ಳಿಗೆ ಕನ್ನಡಕ ಆಕ್ಸಿ ಮದ್ವೆ ಕೆಡಸ್ತೀಯಾ ಅಂತ. ಪರೀಕ್ಷೆ ಅಂದ್ಮೇಲೆ ಪಾಸ್ ಮಾಡಿಸ್ಬೇಕಲ್ವಾ?"

ವನಿತಾಳಿಗೆ ಸಿಟ್ಟು ಬಂತು, ಅವರಿಗಿಂತ ತನ್ನ ಮೇಲೇ. ಐದು ವರ್ಷ ಒಂದೇ ಪಟ ಹಿಡಿದು ಬಂದವಳು, ತಪ್ಪಿಲ್ಲದ ಪಟ್ಟಿ ನೋಡಿ ಹಿಗ್ಗಿದವಳು ಅವಳೇ ಅಲ್ಲವೇ?

ಆ ದಿನ ಊಟಕ್ಕೂ ಏಳದೆ ಒಂದೊಂದೇ ಗುರುತಿನ ಕೆಳಗೆ ಬೆರಳಿಟ್ಟು ಕೇಳುತ್ತಾ ಎಲ್ಲರನ್ನೂ ಮತ್ತೆ ಪರೀಕ್ಷಿಸಿದಳು. ಹನ್ನೊಂದು ಮಕ್ಕಳಿಗೆ ದೋಷವಿತ್ತು. ಸೊಣ್ಣಗುಟ್ಟೆಗಿಂತ ಹೆಚ್ಚು. ಚಂದನಳ ಎಡಗಣ್ಣಿಗೆ ಅತಿ ದೊಡ್ಡ ಗುರುತೂ ಕಾಣಲಿಲ್ಲ.

ಜಿಲ್ಲಾಸ್ಪತ್ರೆಯ ಡಾಕ್ಟರು ಚಂದನಳ ಕಣ್ಣು ನೋಡಿ, "ಸೋಮಾರಿ ಕಣ್ಣು. ಮೆದುಳು ಇದನ್ನ ಬಳಸೋದೇ ಬಿಟ್ಟಿದೆ. ಆರು ವರ್ಷಕ್ಕೇ ಸಿಕ್ಕಿದ್ದರೆ ಸುಲಭ ಇತ್ತು. ಮೊದಲೇ ಯಾರೂ ಪರೀಕ್ಷೆ ಮಾಡಿರಲಿಲ್ವಾ?" ಎಂದರು.

"ನಾನೇ ಮಾಡಿದ್ದೆ ಸಾರ್. ಮೂರು ಸಲ," ಎಂದಳು ವನಿತಾ.

ಚಂದನಳ ತಾಯಿ ವೆಂಕಟರತ್ನಮ್ಮ ಡೈರಿಗೆ ಹಾಲು ಹಾಕುವವಳು. ಅವಳ ಕೊಟ್ಟಿಗೆಯ ಮುಂದೆ ನಿಂತು ವನಿತಾ ನಡೆದದ್ದೆಲ್ಲ ಹೇಳಿದಳು, ತನ್ನ ತಪ್ಪನ್ನೂ ಸೇರಿಸಿ. ಬೈಗುಳಕ್ಕೆ ಸಿದ್ಧಳಾಗಿಯೇ ಬಂದಿದ್ದಳು. ವೆಂಕಟರತ್ನಮ್ಮ ಮಾತ್ರ ಹಾಲಿನ ಕ್ಯಾನು ಕೆಳಗಿಟ್ಟು ಅಲ್ಲೇ ಕುಳಿತಳು.

"ಲೋಟಕ್ಕೆ ಬುಟ್ಟು ಪಕ್ಕಕ್ಕೆ ಆಲು ಉಯ್ತಿದ್ಲು ಕಣಮ್ಮಾ. ಕೊಬ್ಬು ಅಂತ ಬಾರ್ಸಿವ್ನಿ. ಎಷ್ಟು ಸಲ ಬಾರ್ಸಿವ್ನೋ!"



ಮುಂದಿನ ಸಭೆಯಲ್ಲಿ ವನಿತಾ ಎದ್ದು ನಿಂತು ಎಲ್ಲ ಹೇಳಿದಳು. ಶ್ರೀನಿವಾಸಪ್ಪನವರೂ ಎದ್ದು ಹೌದೆಂದರು. ವನಿತಾ ಕ್ಷಮೆ ಕೇಳಿದ್ದು ಕವಿತಳನ್ನು. "ನನ್ನ ಸ್ಕೂಲಿನ ಮಕ್ಳಿಗೆ ಕನ್ನಡಕನಾದ್ರೂ ಸಿಕ್ತಲ್ಲ ಮೇಡಂ," ಎಂದಳು ಕವಿತ. ಅದರಲ್ಲಿ ಕುಟುಕು ಇತ್ತೋ ಸಮಾಧಾನವಿತ್ತೋ ತಿಳಿಯಲಿಲ್ಲ.

ಈಗ ವನಿತಾ ಹದಿನೈದು ದಿನಕ್ಕೊಮ್ಮೆ ಬಂಡೆಕುಂಟೆಗೆ ಹೋಗುತ್ತಾಳೆ. ಚಂದನಳ ಸರಿಯಿರುವ ಬಲಗಣ್ಣಿಗೆ ದಿನಕ್ಕೆರಡು ತಾಸು ಪಟ್ಟಿ ಕಟ್ಟಿ ಎಡಗಣ್ಣಿಗೆ ಕೆಲಸ ಕೊಡಬೇಕು. ಚಂದನ ಆಟದ ನಡುವೆ ಪಟ್ಟಿ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾಳೆ. ತಾಯಿ ಗದರಿಸದೆ ಮತ್ತೆ ಕಟ್ಟುತ್ತಾಳೆ. ಆರು ತಿಂಗಳಲ್ಲಿ ಆ ಕಣ್ಣಿಗೆ ಎರಡನೇ ಸಾಲಿನವರೆಗೆ ಕಾಣಿಸತೊಡಗಿದೆ. ಅದರಾಚೆ ಬರಬಹುದು, ಬರದೆಯೂ ಇರಬಹುದು ಎನ್ನುತ್ತಾರೆ ಡಾಕ್ಟರು.