ಅರ್ಧ ಬೆರಳು ಎತ್ತರ

ಹದಿನೆಂಟು ವರ್ಷ ರಸ್ತೆಯ ಗುಂಡಿ ಮುಚ್ಚಿದವಳನ್ನು ಗುಂಡಿ ಮುಚ್ಚುವ ಪರೀಕ್ಷೆಯಲ್ಲೇ ಫೇಲ್ ಮಾಡಿದರು. ಈಗ ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆವತ್ತು ಇತ್ತು, ಸುಳ್ಳು ಯಾಕೆ ಹೇಳಲಿ. ಚಾಮರಾಜನಗರದಿಂದ ನಮ್ಮೂರು ಉಡಿಗಾಲಕ್ಕೆ ಬರುವಷ್ಟರಲ್ಲಿ ಬಸ್ಸಿನಲ್ಲಿದ್ದವರಿಗೆಲ್ಲ ವಿಷಯ ಗೊತ್ತಾಗಿದೆ ಅಂತ ನನಗೇ ಅನ್ನಿಸಿ, ಸೆರಗು ಹೊದ್ದು ಕಿಟಕಿಗೆ ಮುಖ ಹಾಕಿ ಕೂತಿದ್ದೆ.

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ರಸ್ತೆಗಳಲ್ಲಿ ಗುಂಡಿ ಮುಚ್ಚುವುದು, ಚರಂಡಿಯ ಹೂಳು ಎತ್ತುವುದು, ಬದಿಯ ಗಿಡಗಂಟಿ ಸವರುವುದು ನಮ್ಮ ಗ್ಯಾಂಗಿನ ಕೆಲಸ. ನಾವು ಆರು ಜನ, ನಾಲ್ವರು ಹೆಂಗಸರು, ಇಬ್ಬರು ಗಂಡಸರು. ಗುತ್ತಿಗೆದಾರರು ಬದಲಾದರು, ಗ್ಯಾಂಗು ಬದಲಾಗಲಿಲ್ಲ. ಮೇಸ್ತ್ರಿ ಅಂತ ನನ್ನನ್ನು ಯಾರೂ ನೇಮಿಸಿರಲಿಲ್ಲ. ಮೊದಲು ನಮ್ಮ ದೊಡ್ಡವ್ವ ಇದ್ದಳು. ಮಂಡಿ ಕೆಟ್ಟು ಅವಳು ಮನೆಯಲ್ಲಿ ಕೂತ ಮೇಲೆ ಅವಳು ನಿಲ್ಲುತ್ತಿದ್ದ ಜಾಗದಲ್ಲಿ ನಾನು ನಿಂತೆ, ಅಷ್ಟೆ. ಎಲ್ಲಿ ಕಡಿಯಬೇಕು, ಎಷ್ಟು ಸುರಿಯಬೇಕು, ಯಾವಾಗ ಗಾಡಿ ಬಿಡಬೇಕು ಎಂದು ಹೇಳುವವಳು ನಾನು. ಆಮೇಲೆ ಹೊಸ ನಿಯಮ ಬಂತು. ತರಬೇತಿಗೆ ಹೋಗಿ, ಪರೀಕ್ಷೆ ಪಾಸಾಗಿ, ಸರ್ಟಿಫಿಕೇಟ್ ತಂದವರು ಮಾತ್ರ ಮೇಸ್ತ್ರಿ. ಮಿಕ್ಕವರು ಬಾಂಡ್ಲಿ ಹೊರಬೇಕು. ನನ್ನ ಗ್ಯಾಂಗಿನಲ್ಲಿ ನನ್ನ ಮಾತು ನಡೆಯುತ್ತದೋ ಇಲ್ಲವೋ ಎನ್ನುವುದು ಈಗ ಒಂದು ಕಾಗದದ ಕೈಗೆ ಹೋಯಿತು.

ತರಬೇತಿ ಮೂರು ದಿನ, ಚಾಮರಾಜನಗರದ ಊರಾಚೆಯ ಒಂದು ಕೇಂದ್ರದಲ್ಲಿ. ಕಲಿತದ್ದನ್ನು ಕಲಿತೆ ಎಂದೇ ಹೇಳುತ್ತೇನೆ. ಕೆಲಸ ನಡೆಯುವ ಜಾಗಕ್ಕೆ ಎಷ್ಟು ದೂರದಿಂದಲೇ ಕೆಂಪು ಕೋನ್ ಇಡುತ್ತಾ ಬರಬೇಕು ಅಂತ ತೋರಿಸಿದರು. ನಾವು ಇಷ್ಟು ವರ್ಷ ರಸ್ತೆಗೆ ಅಡ್ಡ ಒಂದು ಲಂಟಾನ ಕೊಂಬೆ ಎಳೆದು, ಅದರ ಹಿಂದೆ ಬಗ್ಗಿ ಕೂತು ಕೆಲಸ ಮಾಡಿದವರು. ಜೀವ ಉಳಿದದ್ದೇ ಹೆಚ್ಚು. ಆದರೆ ಎರಡನೇ ದಿನ ಗೋಡೆಯ ಮೇಲೆ ಚಿತ್ರ ಬಿಟ್ಟು, ಗುಂಡಿ ಎಂದರೇನು, ಅದು ಹೇಗೆ ಉಂಟಾಗುತ್ತದೆ ಎಂದು ಅರ್ಧ ಗಂಟೆ ವಿವರಿಸಿದರು. ಅಷ್ಟು ಹೊತ್ತು ನಾನು ಬಾಯಿ ಮುಚ್ಚಿಕೊಂಡು ಕೂತೆ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ.

ಮೂರನೇ ದಿನ ಕೈಕೆಲಸದ ಪರೀಕ್ಷೆ. ಹೋಗಿ ನೋಡಿದರೆ, ಕೇಂದ್ರದ ಕಾಂಪೌಂಡಿನೊಳಗಿನ ಒಳ್ಳೆಯ ಡಾಂಬರನ್ನು ಒಡೆದು ಸಾಲಾಗಿ ಗುಂಡಿ ತೋಡಿಟ್ಟಿದ್ದಾರೆ. ಹಣ್ಣಿನಂಥ ರಸ್ತೆ. ಗೇಟಿನಾಚೆ ಆರಿಸಿಕೊಳ್ಳುವಷ್ಟು ಗುಂಡಿಗಳಿದ್ದವು, ಅವನ್ನು ಮುಚ್ಚಿಸಿದರೆ ಪರೀಕ್ಷೆಯೂ ಆಗುತ್ತಿತ್ತು, ಊರಿಗೂ ಆಗುತ್ತಿತ್ತು. ಪರೀಕ್ಷೆ ಮಾಡಲು ಬಂದಿದ್ದ ಎಂಜಿನಿಯರಿಗೆ ಅದನ್ನೇ ಹೇಳಿದೆ. ಚಿಕ್ಕ ವಯಸ್ಸಿನವರು, ಮೆತ್ತಗೆ ಮಾತಾಡುವವರು. ನಕ್ಕು, ಹೊರಗೆ ಮಾಡಿಸಲು ಅನುಮತಿ ಇಲ್ಲವಮ್ಮ ಎಂದರು.

ಸರಿ, ಕೆಲಸಕ್ಕೆ ಇಳಿದೆ. ಗುಂಡಿಯ ಅಂಚನ್ನು ನೆಟ್ಟಗೆ ಕಡಿದೆ, ಪೊರಕೆಯಿಂದ ದೂಳು ಬಳಿದೆ, ಡಾಂಬರು ಸವರಿದೆ, ಚೀಲದ ಮಾಲು ಸುರಿದೆ. ಈ ಮಾಲು ಒಲೆ ಹಚ್ಚಿ ಕಾಯಿಸಬೇಕಾದ್ದಲ್ಲ, ಡಾಂಬರಿನಲ್ಲಿ ಕಲಸಿದ ಜಲ್ಲಿ ಚೀಲದಲ್ಲೇ ಬರುತ್ತದೆ. ಎರಡು ಪದರ ಹಾಕಿ, ಒಂದೊಂದಕ್ಕೂ ದಿಮ್ಮಸಿನಲ್ಲಿ ಗುದ್ದಿದೆ. ಕೊನೆಗೆ ರಸ್ತೆಯ ಮಟ್ಟಕ್ಕಿಂತ ಅರ್ಧ ಕಿರುಬೆರಳಿನ ದಪ್ಪದಷ್ಟು ಎತ್ತರ ಬಿಟ್ಟು ಎದ್ದು ನಿಂತೆ. ಎಂಜಿನಿಯರು ಬಂದು ಮಟ್ಟ ನೋಡಲು ಕಬ್ಬಿಣದ ಪಟ್ಟಿಯನ್ನು ಅದರ ಮೇಲಿಟ್ಟರು. ಪಟ್ಟಿ ಕೂರಲಿಲ್ಲ, ಅತ್ತ ಇತ್ತ ತೂಗಿತು.

ಆ ಅರ್ಧ ಬೆರಳು ದೊಡ್ಡವ್ವ ಕಲಿಸಿದ್ದು. ಮನುಷ್ಯರ ಕೈ ಎಷ್ಟು ಗುದ್ದಿದರೂ ಮಾಲು ಪೂರ್ತಿ ಕೂರುವುದಿಲ್ಲ. ಮೇಲೆ ಲೋಡು ಗಾಡಿ ಓಡಾಡಬೇಕು. ನಾನು ಹೊಸದಾಗಿ ಸೇರಿದಾಗ ಮಟ್ಟಸವಾಗಿ, ಚೆಂದವಾಗಿ ಮುಚ್ಚಿ ಅವಳಿಗೆ ತೋರಿಸಿದ್ದೆ. ಅವಳು ಕಾಲಲ್ಲಿ ತಟ್ಟಿ ನೋಡಿ, "ಇನ್ನಷ್ಟು ಹಾಕು ಕಣಮ್ಮಿ, ಮಿಕ್ಕಿದ್ದ ಲಾರಿ ಮಾಡ್ತದೆ" ಅಂದಿದ್ದಳು.

ಇಲ್ಲಿ ಲಾರಿ ಎಲ್ಲಿದೆ ಎಂದು ಎಂಜಿನಿಯರು ಕೇಳಿದರು. ನಿಜ, ಅದು ನನ್ನ ತಪ್ಪು. ಗಾಡಿಯೇ ಬಾರದ ಕಾಂಪೌಂಡಿನಲ್ಲಿ ಗಾಡಿಗೆಂದು ಎತ್ತರ ಬಿಟ್ಟೆ. ರಸ್ತೆ ಕೆಲಸದವರು ಬಿಟ್ಟರೆ ಬೇರೆ ಯಾರೂ ಇಂಥ ತಪ್ಪು ಮಾಡಲಾರರು. ನನ್ನ ಕೈಗೆ ಬೇರೆ ಥರ ಗೊತ್ತಿಲ್ಲ. ವಾದ ಮಾಡುವಷ್ಟರಲ್ಲಿ ಹೊತ್ತು ಮುಗಿಯಿತು, ಚೀಟಿಯಲ್ಲಿ ಅನುತ್ತೀರ್ಣ ಎಂದು ಬರೆದರು.

ನಮ್ಮ ಗ್ಯಾಂಗಿನಲ್ಲಿ ಪಾಸಾದವನು ಭೀಮನಬೀಡಿನವನೊಬ್ಬ. ಪಟ್ಟಿ ಇಡುತ್ತಾರೆ ಎಂದು ತಿಳಿದು ಮಟ್ಟಸ ಮಾಡಿದ್ದ. ಅವನು ಮೇಸ್ತ್ರಿಯಾದ, ನಾನು ಬಾಂಡ್ಲಿ ಹೊತ್ತೆ. ಹೊರುವುದು ನನಗೆ ಹೊಸದಲ್ಲ, ತಲೆಗೇನೂ ಭಾರವಾಗಲಿಲ್ಲ. ಕಣ್ಣೆದುರು ಕೆಲಸ ಕೆಡುವುದನ್ನು ನೋಡಿಕೊಂಡು ಸುಮ್ಮನಿರಬೇಕಿತ್ತಲ್ಲ, ಅದಕ್ಕೆ ಮೈಯೆಲ್ಲ ಉರಿಯುತ್ತಿತ್ತು. ಭೀಮನಬೀಡಿನ ಕಡೆಗೆ ತಿರುಗುವಲ್ಲಿ ಮಟ್ಟಸವಾಗಿ ಮುಚ್ಚಿದ ಗುಂಡಿ ಹದಿನೈದು ದಿನಕ್ಕೆ ಕುಸಿದು ತಟ್ಟೆಯಾಯಿತು. ಮಳೆ ಬಂದು ನೀರು ನಿಂತಿತು. ಡೈರಿಗೆ ಹಾಲು ಒಯ್ಯುತ್ತಿದ್ದ ಒಬ್ಬ ಹೆಂಗಸು ಬರೀ ನೀರೆಂದು ಕಾಲಿಟ್ಟು ಬಿದ್ದಳು. ಕೈ ತರಚಿತ್ತು, ಹಾಲೆಲ್ಲ ರಸ್ತೆ ಪಾಲು. ನಮ್ಮ ಹೊಸ ಮೇಸ್ತ್ರಿ ನನ್ನ ಮುಖ ನೋಡಲಾರದೆ, ಓವರ್‌ಸಿಯರು ಪಟ್ಟಿ ಇಟ್ಟು ನೋಡುತ್ತಾರಲ್ಲಕ್ಕ, ನಾನೇನು ಮಾಡಲಿ ಎಂದ. ಅವನನ್ನು ಬೈಯಲು ಬಾಯಿ ಬರಲಿಲ್ಲ.

ಇನ್ನೊಂದು ಸಲ ಪರೀಕ್ಷೆಗೆ ಕೂರಬಹುದು ಎಂದು ಕಾಗದ ಬಂತು. ಮನೆಯಲ್ಲಿ ಎಲ್ಲರೂ ಬುದ್ಧಿ ಹೇಳಿದರು. ನಮ್ಮ ಯಜಮಾನರು ಹೇಳಿದ್ದು ಇಷ್ಟೆ: "ಒಂದಿನ ಅವ್ರ ಥರ ಮಾಡ್ಬುಟ್ಟು ಬಾ. ಮಾರ್ನೆ ದಿನ್ದಿಂದ ನಿನ್ ಥರ ಮಾಡ್ಕೊ, ಯಾರ್ ಕೇಳಾರು?"

ಬುದ್ಧಿವಂತಿಕೆಯ ಮಾತೇ. ಎರಡು ದಿನ ನಾನೂ ಹೂಂ ಎಂದುಕೊಂಡಿದ್ದೆ. ಆದರೆ ಯೋಚಿಸಿದಷ್ಟೂ ಸಿಟ್ಟು ಬಂತು. ತಪ್ಪಾಗಿ ಮುಚ್ಚಿದ್ದಕ್ಕೆ ಕೊಡುವ ಕಾಗದದ ಮೇಲೆ ನನ್ನ ಹೆಸರು ಯಾಕಿರಬೇಕು? ನಾಳೆ ಅದೇ ಕಾಗದ ತೋರಿಸಿ, ನೋಡಿ, ಹದಿನೆಂಟು ವರ್ಷದವಳೂ ಹೀಗೇ ಮಾಡಿದ್ದಾಳೆ ಎನ್ನುತ್ತಾರೆ. ಆಗ ದೊಡ್ಡವ್ವನಿಗೂ ಬೆಲೆಯಿಲ್ಲ, ನನಗೂ ಇಲ್ಲ. ಪರೀಕ್ಷೆಯ ಹಿಂದಿನ ದಿನ ಮೈದುನನ ಮನೆಗೆ ಹೋದೆ. ಮಾರನೆಯ ದಿನ ಅವನ ಟ್ರ್ಯಾಕ್ಟರಿನಲ್ಲಿ ಅರಿಸಿನದ ಮೂಟೆಗಳು ಚಾಮರಾಜನಗರದ ಮಂಡಿಗೆ ಹೋಗಲಿದ್ದವು. ಮಂಡಿಗೆ ಹೋಗುವ ಮುಂಚೆ ನಾನು ಹೇಳಿದ ಕಡೆ ಬಾ ಎಂದೆ. ಅತ್ತಿಗೆಗೆ ತಲೆ ಕೆಟ್ಟಿದೆ ಎಂದು ತನ್ನ ಹೆಂಡತಿಗೆ ಹೇಳಿದನಂತೆ. ಆದರೂ ಬಂದ.

ಆವತ್ತು ನನ್ನ ಜೊತೆ ಪರೀಕ್ಷೆಗಿದ್ದವರು ಗುಂಡ್ಲುಪೇಟೆ ಕಡೆಯ ನಾಲ್ವರು ಹೆಂಗಸರು. ಅದೇ ಕಾಂಪೌಂಡು, ಮತ್ತೆ ಒಳ್ಳೆಯ ರಸ್ತೆಗೆ ಹೊಸ ಗುಂಡಿಗಳು, ಅದೇ ಎಂಜಿನಿಯರು. ನಾಲ್ವರೂ ಹೇಳಿಕೊಟ್ಟ ಹಾಗೆ ಮಟ್ಟಸ ಮಾಡಿದರು. ಪಟ್ಟಿ ಕೂತಿತು, ನಾಲ್ವರೂ ಪಾಸು. ನನ್ನದರ ಮೇಲೆ ಪಟ್ಟಿ ತೂಗಿತು. ಎಂಜಿನಿಯರಿಗೆ ನನ್ನ ಗುರುತಿತ್ತು, ಪಾಪ ಎನ್ನಿಸಿತೋ ಏನೋ.

"ಹತ್ತು ನಿಮಿಷ ಕೊಡ್ತೀನಿ, ಮೇಲಿಂದ ಸ್ವಲ್ಪ ಕೆರೆದುಬಿಡಿ ಅಮ್ಮ. ನಿಮ್ಮನ್ನ ಫೇಲ್ ಮಾಡೋಕೆ ನನಗೂ ಇಷ್ಟ ಇಲ್ಲ."

ಕೆರೆಯುವುದಿಲ್ಲ ಎಂದೆ. ಅವರ ಕೈಯಲ್ಲಿದ್ದ ಪರೀಕ್ಷೆಯ ನಮೂನೆಯನ್ನು ಕೇಳಿ ಇಸಿದುಕೊಂಡೆ. ಹತ್ತನೇ ಕ್ಲಾಸು ಓದಿದವಳು ನಾನು, ಒಂದು ಸಾಲೂ ಬಿಡದೆ ಓದಿದೆ. ಮುಚ್ಚಿದ ಗುಂಡಿ ರಸ್ತೆಯ ಮಟ್ಟಕ್ಕೆ ಸಮನಾಗಿರಬೇಕು ಎಂದಷ್ಟೇ ಇತ್ತು.

"ಸಮ ಇರ್ಬೇಕು ಅಂತ ಬರ್ದದೆ, ಒಪ್ಕತೀನಿ. ಯಾವಾಗ ಅಳೀಬೇಕು ಅಂತ ಎಲ್ ಬರ್ದದೆ, ತೋರ್ಸಿ ಸಾ."

ಅವರು ಕಾಗದವನ್ನು ತಿರುವಿ ನೋಡಿದರು. ಹಿಂದೆಯೂ ಬರೆದಿರಲಿಲ್ಲ. ಗೇಟಿನಲ್ಲಿ ಟ್ರ್ಯಾಕ್ಟರು ನಿಂತಿತ್ತು, ವಾಚ್‌ಮನ್ನು ಬಿಡುತ್ತಿರಲಿಲ್ಲ. ಅದು ನನ್ನ ಲಾರಿ ಸಾ, ಒಳಗೆ ಬಿಡಿಸಿ ಎಂದೆ. ಅವರು ಗೇಟನ್ನೂ ನನ್ನನ್ನೂ ನೋಡಿದರು. ಬೇಡವೆಂದಿದ್ದರೆ ನನ್ನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವರಿಗೂ ನೋಡಬೇಕು ಎನ್ನಿಸಿತ್ತು, ಮುಖದಲ್ಲೇ ಗೊತ್ತಾಗುತ್ತಿತ್ತು. ವಾಚ್‌ಮನ್ನಿಗೆ ಕೈ ಮಾಡಿದರು.

ಮೈದುನ ಹಲ್ಲು ಕಚ್ಚಿಕೊಂಡು ಟ್ರ್ಯಾಕ್ಟರನ್ನು ಒಂದು ಗಂಟೆ ಹಿಂದಕ್ಕೂ ಮುಂದಕ್ಕೂ ಓಡಿಸಿದ, ಮಂಡಿಗೆ ಹೊತ್ತಾಯಿತು ಎಂದು ಗೊಣಗುತ್ತಾ. ಕಾಂಪೌಂಡೆಲ್ಲ ಅರಿಸಿನದ ಗಮಲು. ಗುಂಡಿಗಳು ಒಂದೇ ಸಾಲಿನಲ್ಲಿದ್ದುದರಿಂದ ಚಕ್ರ ನನ್ನದರ ಮೇಲೂ ಆ ನಾಲ್ವರದರ ಮೇಲೂ ಹಾಯಿತು. ಅದನ್ನು ನಾನು ಯೋಚಿಸಿರಲಿಲ್ಲ. ಹದಿನೈದು ದಿನದಲ್ಲಿ ಆಗುವುದು ಒಂದು ಗಂಟೆಯಲ್ಲಿ ಆಗದಿದ್ದರೆ ನಗೆಪಾಟಲು.

ಮುಗಿದ ಮೇಲೆ ಎಂಜಿನಿಯರು ಮಂಡಿಯೂರಿ ಪಟ್ಟಿ ಇಟ್ಟರು. ಕೂತಿತು. ಒಂದು ಮೂಲೆಯಲ್ಲಿ ಕಾಗದ ತೂರುವಷ್ಟು ಸಂದಿಯಿತ್ತು, ಅದನ್ನೂ ಬೆರಳಿಟ್ಟು ನೋಡಿದರು. ಆಮೇಲೆ ಎದ್ದು, ನಾನು ಕೇಳದಿದ್ದರೂ, ಮಿಕ್ಕ ನಾಲ್ಕರ ಮೇಲೂ ಪಟ್ಟಿ ಇಡುತ್ತಾ ಹೋದರು. ನಾಲ್ಕೂ ಕಡೆ ಪಟ್ಟಿಯ ಕೆಳಗೆ ಬೆಳಕು ಕಾಣುತ್ತಿತ್ತು. ಮಾಲು ಕುಸಿದಿತ್ತು. ಅವರು ಬಂದು ನನ್ನ ಚೀಟಿಯಲ್ಲಿ ಉತ್ತೀರ್ಣ ಎಂದು ಬರೆದು ಸಹಿ ಹಾಕಿದರು. ಆ ನಾಲ್ವರ ಚೀಟಿಗೆ ಆಗಲೇ ಸಹಿಯಾಗಿತ್ತು, ಅದನ್ನು ಮುಟ್ಟಲಿಲ್ಲ.

ಗೆದ್ದೆ ಎಂದು ಕುಣಿಯಬೇಕಾಗಿತ್ತು. ಆದರೆ ಆ ಹೆಂಗಸರು ತಮ್ಮ ಕುಸಿದ ಕೆಲಸವನ್ನು ನೋಡುತ್ತಾ ನಿಂತಿದ್ದರು. ನನ್ನಂಥವರೇ, ನನ್ನ ಹಾಗೆ ಬಿಸಿಲಿನಲ್ಲಿ ಬೆಂದವರೇ. ಅವರ ಮುಖಕ್ಕೆ ಮಸಿ ಬಳಿದ ಹಾಗಾಯಿತಲ್ಲ ಎಂದು ನನಗೆ ಸಂಕಟವಾಯಿತು. ನನ್ನನ್ನು ಬೈದರೂ ಬೈಯಲಿ ಎಂದುಕೊಂಡೆ.

ಅಷ್ಟರಲ್ಲಿ ಕೇಂದ್ರದ ಗುಮಾಸ್ತರು ಬಂದು, ಎಲ್ಲರೂ ಪಾಸಾಗಿದ್ದೀರಿ, ಹೊರಡಿ, ಬೀಗ ಹಾಕಬೇಕು ಎಂದರು. ನಾಲ್ವರಲ್ಲಿ ಹಿರಿಯವಳು, ನರೆತ ತಲೆಯವಳು, ಚೀಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗುದ್ದಲಿ ಎತ್ತಿ ತನ್ನ ಗುಂಡಿಯನ್ನು ಮತ್ತೆ ಕೆದಕಲು ಶುರುಮಾಡಿದಳು. ಗುಮಾಸ್ತರು ಗದರಿದರು. ಅವಳು ಕೈ ನಿಲ್ಲಿಸಲಿಲ್ಲ.

"ಇಂಗೇ ಬುಟ್ಟೋಗಕ್ಕೆ ನಂಗಾಗಲ್ಲ ಸಾ. ಬೀಗ ಆಮೇಲ್ ಹಾಕಿ."

ಮಿಕ್ಕ ಮೂವರೂ ಸೆರಗು ಸಿಕ್ಕಿಸಿದರು. ನಾನು ನನ್ನ ಚೀಟಿಯನ್ನು ಮಡಚಿ ರವಿಕೆಯೊಳಗಿಟ್ಟು, ಪೊರಕೆ ತೆಗೆದುಕೊಂಡು ಅವಳ ಪಕ್ಕ ಕೂತೆ.