ಪಾಠದೊಳಗಿನ ನಾಯಿ

ಪ್ರಯೋಗಾಲಯದಲ್ಲಿ ಅವನನ್ನು ಎಲ್ಲರೂ ಮಣ್ಣಣ್ಣ ಎಂದೇ ಕರೆಯುತ್ತಿದ್ದರು. ಊರೂರಿನ ಮಣ್ಣು ತಂದು ಜರಡಿ ಹಿಡಿದು, ಗಾಜಿನ ತಟ್ಟೆಯಲ್ಲಿ ಬೂಷ್ಟು ಬೆಳೆಸಿ, ಮೇಲೆ ಧಾನ್ಯದ ಹುಳು ಬಿಟ್ಟು, ಮರುದಿನ ಎಷ್ಟು ಸತ್ತವೆಂದು ಎಣಿಸುವುದು ಅವನ ಕೆಲಸ. ಒಂಬತ್ತು ವರ್ಷ ಇದನ್ನೇ ಮಾಡಿದ. ಆರುನೂರ ನಲವತ್ತು ತಟ್ಟೆಗಳಲ್ಲಿ ಹುಳುಗಳು ಆರಾಮಾಗಿ ಓಡಾಡಿಕೊಂಡಿದ್ದವು. ಆರುನೂರ ನಲವತ್ತೊಂದನೆಯದರಲ್ಲಿ ಒಂದೂ ಉಳಿಯಲಿಲ್ಲ. ಹುಳು ಕೊಲ್ಲುವ ಬೂಷ್ಟು ಸಿಕ್ಕಿತೆಂದು ಪ್ರಯೋಗಾಲಯದ ಪ್ರೊಫೆಸರರಿಗೆ ಹೆಸರು ಬಂತು.

ಏಳನೆಯ ತರಗತಿಯ ವಿಜ್ಞಾನ ಪುಸ್ತಕಕ್ಕೆ ಈ ಬೂಷ್ಟಿನ ಪಾಠ ಬರೆದವನು ನಾನು. ಒಂಬತ್ತು ವರ್ಷದ ಹುಳು ಲೆಕ್ಕವನ್ನು ಯಾವ ಮಗು ಓದೀತು? ಅದಕ್ಕೇ ಒಂದು ನಾಯಿ ತಂದೆ. ಪ್ರೊಫೆಸರರು ನಾಯಿಯೊಡನೆ ವಾಕಿಂಗ್ ಹೊರಟಾಗ ಅದು ನೆಲ ಕೆರೆಯುತ್ತದೆ, ಸತ್ತ ಹುಳುಗಳು ಕಾಣುತ್ತವೆ, ಅವರಿಗೆ ಫಕ್ಕನೆ ಎಲ್ಲ ಹೊಳೆದುಬಿಡುತ್ತದೆ. ನಾಯಿ ಕಂಡರೆ ಅವರಿಗೆ ಕೈಕಾಲು ನಡುಗುತ್ತದೆಂಬುದು ಬೇರೆ ಮಾತು. ಪುಸ್ತಕ ಸಮಿತಿಯವರು ಬೆನ್ನು ತಟ್ಟಿದರು, ನಾನು ಉಬ್ಬಿಹೋದೆ. ನಾಯಿಗೆ ಅರ್ಧ ಪುಟದ ಚಿತ್ರ ಸಿಕ್ಕಿತು. ಮಣ್ಣಣ್ಣನಿಗೆ ಒಂದು ಸಾಲೂ ಸಿಗಲಿಲ್ಲ.

ಮೊನ್ನೆ ಅವನು ಮಗಳ ಉತ್ತರಪತ್ರಿಕೆ ಹಿಡಿದು ನನ್ನ ಮನೆಗೆ ಬಂದ. ಬೂಷ್ಟು ಹೇಗೆ ಸಿಕ್ಕಿತು ಎಂಬ ಪ್ರಶ್ನೆಗೆ ಅವಳು ಅಪ್ಪನ ಆರುನೂರ ನಲವತ್ತೊಂದು ತಟ್ಟೆಗಳನ್ನು ಬರೆದಿದ್ದಳು. ಪಕ್ಕದಲ್ಲಿ ಕೆಂಪು ಸೊನ್ನೆ. ಕೆಳಗೆ ಟೀಚರ್ ಕೇಳಿದ್ದರು: ‘ನಾಯಿ ಎಲ್ಲಿ?’

ನಗು ಬಂತು. ಅವನ ಮುಖ ನೋಡಿ ನುಂಗಿಕೊಂಡೆ.

“ಮಾರ್ಕ್ಸ್ ಹೋಗ್ಲಿ ಬಿಡಿ ಸಾರ್. ಅಪ್ಪ ಬುರುಡೆ ಬಿಡ್ತಾನೆ ಅಂತ ನನ್ ಜೊತೆ ಮಾತೇ ಬಿಟ್ಟಿದ್ದಾಳೆ. ಬರೆದೋರು ನೀವು, ಒಂದ್ಸಲ ಬಂದು ಹೇಳಿ. ನಂಬ್ತಾಳೆ.”

ಹೋದೆ. ಹುಡುಗಿ ಮಂಚದ ಮೇಲೆ ನನ್ನ ಪಾಠವನ್ನೇ ಬಿಚ್ಚಿಕೊಂಡು ಕೂತಿದ್ದಳು.

“ನಿಮ್ಮಪ್ಪ ಹೇಳಿದ್ದೇ ನಿಜ ಕಣಮ್ಮ. ನಾಯಿ ಇರಲೇ ಇಲ್ಲ. ನಾನೇ ಕಟ್ಟಿದ ಕಥೆ ಅದು.”

“ಯಾಕೆ ಅಂಕಲ್?”

“ಪಾಠ ಚೆನ್ನಾಗಿರ್ಲಿ ಅಂತ.”

“ಅಪ್ಪ ಮಾಡಿದ್ದು ಚೆನ್ನಾಗಿರ್ಲಿಲ್ವಾ?”



“ಏಯ್, ದೊಡ್ಡೋರ ಹತ್ರ ಹಂಗೆಲ್ಲ ಕೇಳ್ಬಾರ್ದು,” ಎಂದು ಮಣ್ಣಣ್ಣ ಗದರಿದ. ಗದರಿದವನ ಮುಖ ಮಾತ್ರ ಅರಳಿತ್ತು. ಅವಳು ಜರುಗಿ ಅಪ್ಪನಿಗೆ ಒತ್ತಿಕೊಂಡು ಕೂತಳು.

“ಸೋಮವಾರ ದೊಡ್ಡ ಪರೀಕ್ಷೆ. ಯಾವ್ದು ಬರೀಲಿ ಅಂಕಲ್?”

ಇಬ್ಬರೂ ನನ್ನನ್ನೇ ನೋಡಿದರು. ಅಲ್ಲೇ ಕೂತು ಟೀಚರಿಗೆ ನಾಲ್ಕು ಸಾಲು ಗೀಚಿಕೊಡಬಹುದಿತ್ತು. ಆದರೆ ಆ ನಾಲ್ಕು ಸಾಲು ಸಮಿತಿಯವರೆಗೆ ಹೋದರೆ? ಪುಸ್ತಕ ಎರಡನೆಯ ಸಲ ಅಚ್ಚಿಗೆ ಹೋಗಿತ್ತು, ಈ ಸಲ ನಾಯಿ ಮುಖಪುಟಕ್ಕೇ ಬಡ್ತಿ ಪಡೆದಿತ್ತು.

“ಪರೀಕ್ಷೆಗೆ... ನಾಯಿನೇ ಬರ್ದುಬಿಡಮ್ಮ,” ಎಂದೆ.

ಹುಡುಗಿ ಪುಸ್ತಕ ಮುಚ್ಚಿದಳು. ಮಣ್ಣಣ್ಣ ಬೀದಿಯ ತಿರುವಿನವರೆಗೂ ಜೊತೆಗೆ ಬಂದು, “ದೊಡ್ಡ ಉಪಕಾರ ಆಯ್ತು ಸಾರ್,” ಎಂದು ಕೈಮುಗಿದ. ಎರಡು ಬೈದಿದ್ದರೆ ಎಷ್ಟೋ ವಾಸಿಯಿತ್ತು.