ಹಲ್ಲಿಲ್ಲದ ರಸ್ತೆ

ಅವ್ವ ನಾಲ್ಕು ಜನರ ಮುಂದೆ ನನ್ನನ್ನು ಹೊಗಳಲು ಶುರು ಮಾಡಿದರೆ ನಾನು ಎದ್ದು ಅಂಗಳಕ್ಕೆ ಹೋಗಿಬಿಡುತ್ತಿದ್ದೆ. ಮಗನಿಗೆ ಸಂಕೋಚ ಎಂದು ಬಂದವರು ತಿಳಿಯುತ್ತಿದ್ದರು. ಸಂಕೋಚವೂ ಅಲ್ಲ, ಗಿಂಕೋಚವೂ ಅಲ್ಲ, ನಾಚಿಕೆ. ತೊಂಬತ್ತರ ದಶಕದ ಕೊನೆಗೆ ಆಳಂದದಲ್ಲಿ, ಕಂಪ್ಯೂಟರಿನ ಒಂದು ಕಾರಿನ ಆಟದಿಂದ ಹತ್ತಿಕೊಂಡ ನಾಚಿಕೆ ಅದು.

ಬಸ್ ನಿಲ್ದಾಣದ ಹತ್ತಿರ ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ ನಾನು ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಿದ್ದೆ. ಕೇಂದ್ರ ಎಂದರೆ ಒಂದು ಕೋಣೆ, ಒಂದೇ ತರಹದ ಎರಡು ಕಂಪ್ಯೂಟರು. ಪಾಠ ಮುಗಿದ ಮೇಲೆ ಬಾಗಿಲು ಮುಂದೆ ಮಾಡಿಕೊಂಡು ಕಾರು ಓಡಿಸುತ್ತಿದ್ದೆ. ಓಡಿಸಿದ್ದಕ್ಕಿಂತ ನಿಲ್ಲಿಸಿ ನೋಡಿದ್ದೇ ಹೆಚ್ಚು. ಆ ಆಟದ ಸೆಟ್ಟಿಂಗಿನಲ್ಲಿ ಚಿತ್ರವನ್ನು ಎರಡು ಬಗೆಯಲ್ಲಿ ತೋರಿಸಬಹುದಿತ್ತು. ಚಿಕ್ಕದಾಗಿ ಬಿಡಿಸಿ ಪರದೆ ತುಂಬ ಹಿಗ್ಗಿಸುವುದು ಒಂದು. ಹಾಗೆ ಮಾಡಿದರೆ ರಸ್ತೆಯ ಅಂಚಿಗೆ ಗರಗಸದಂತೆ ಹಲ್ಲು ಮೂಡುತ್ತಿದ್ದವು. ಪರದೆಗಿಂತ ದೊಡ್ಡದಾಗಿ ಬಿಡಿಸಿಕೊಂಡು ಅದರ ಅಳತೆಗೆ ಕುಗ್ಗಿಸುವುದು ಇನ್ನೊಂದು. ಆಗ ಅಂಚು ನುಣ್ಣಗಾಗುತ್ತದೆ ಎಂದು ಪತ್ರಿಕೆಯೊಂದರಲ್ಲಿ ಓದಿದ್ದೆ. ನನ್ನ ಯಂತ್ರಗಳಲ್ಲಿ ಅದನ್ನು ಆರಿಸಿದರೂ ಹಲ್ಲು ಹೋಗುತ್ತಿರಲಿಲ್ಲ. ಅಷ್ಟು ತಾಕತ್ತು ಆ ಡಬ್ಬಗಳಿಗೆ ಎಲ್ಲಿಂದ ಬರಬೇಕು! ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಕೀಲಿಮಣೆ ಕುಟ್ಟಿ ಏಳುತ್ತಿದ್ದೆ.

ಮಹಾನವಮಿಯ ಖಂಡೆ ಪೂಜೆಗೆ ಅವ್ವ ಮಾದನಹಿಪ್ಪರಗಾದಿಂದ ಬಸ್ಸಿನಲ್ಲಿ ಬಂದಳು. ಕುಡುಗೋಲು, ಕೊಡಲಿಗೆಲ್ಲ ಪೂಜೆಯಾಗುವ ದಿನ ಮಗನ ಕಂಪ್ಯೂಟರ್ ಬರಿಹಣೆಯಲ್ಲಿ ಇರಬೇಕೇ? ವಿಭೂತಿಯನ್ನು ನೀರಲ್ಲಿ ಕಲಸಿ, ಒಂದು ಕಂಪ್ಯೂಟರಿನ ಗಾಜಿನ ಮೇಲೆ ಮೂರು ಬೆರಳು ಅಡ್ಡ ಎಳೆದಳು. ದೊಡ್ಡದಕ್ಕೆ ಹಚ್ಚಿದರೆ ಸಣ್ಣದಕ್ಕೂ ಮುಟ್ಟುತ್ತದೆ ಎಂದು ಇನ್ನೊಂದಕ್ಕೆ ಬರೀ ಹೂವು ಇಟ್ಟಳು. ಎರಡೂ ಒಂದೇ ಅಳತೆಯವು. ಮೊದಲು ಕೊಂಡದ್ದು ಅವಳ ಲೆಕ್ಕದಲ್ಲಿ ದೊಡ್ಡದು. ಮರುದಿನ ಆ ವಿಭೂತಿಯನ್ನು ನಾನೇ ಒರೆಸಿದೆ, ಕೈಗೆ ಸಿಕ್ಕ ಬಟ್ಟೆಯಿಂದ. ಎಣ್ಣೆ ಹತ್ತಿದ ದೀಪದ ಕಂಬ ಒರೆಸಿಟ್ಟಿದ್ದ ಬಟ್ಟೆ ಅದು.

ಆ ಸಂಜೆ ಪೂಜೆಯಾದ ಕಂಪ್ಯೂಟರಿನಲ್ಲಿ ಕುಗ್ಗಿಸುವ ಸೆಟ್ಟಿಂಗ್ ಹಾಕಿದೆ, ಪಕ್ಕದ್ದರಲ್ಲಿ ಹಿಗ್ಗಿಸುವುದು. ಹಿಗ್ಗಿಸಿದ್ದರಲ್ಲಿ ಹಲ್ಲು ಹಾಗೇ ಇದ್ದವು. ಕುಗ್ಗಿಸಿದ್ದರಲ್ಲಿ ಮಾಯ! ರಸ್ತೆ ಬೆಣ್ಣೆ ಸವರಿದಂತೆ ನುಣ್ಣಗಿತ್ತು. ಎಷ್ಟೋ ದಿನ ಆಗದ್ದು ಇವತ್ತೇ ಯಾಕಾಯಿತು ಎಂದು ಕೇಳಿಕೊಳ್ಳುವ ಬುದ್ಧಿ ಬರಲಿಲ್ಲ. ನಾನೇ ಏನನ್ನೋ ಸರಿಮಾಡಿದೆ ಎಂದುಕೊಂಡೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುತ್ತಾನಂತೆ. ನನಗೆ ಹಗಲಲ್ಲೇ ಹಿಡಿಯುವ ಯೋಗ ಕೂಡಿಬಂತು.

ಅದೇ ವಾರ ಜೇವರ್ಗಿಯಿಂದ ಹೆಣ್ಣಿನ ಕಡೆಯವರು ಬರುವವರಿದ್ದರು. ಗಾಣಗಾಪುರದ ಒಂದು ಮದುವೆಯಲ್ಲಿ ಆ ಹುಡುಗಿಯನ್ನು ನೋಡಿದಾಗಿನಿಂದ ನನಗೆ ಬೇರೆ ಯಾರೂ ಬೇಡವಾಗಿದ್ದರು. ಅವಳ ತಂದೆ ತೊಗರಿ ವ್ಯಾಪಾರಿ, ಹುಡುಗನ ಉದ್ಯೋಗ ಕಣ್ಣಾರೆ ನೋಡದೆ ಮಾತು ಕೊಡುವವರಲ್ಲ. ಜೊತೆಗೆ ಗುಲಬರ್ಗಾದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಮಗನನ್ನೂ ಕರೆತಂದರು. ಚಹಾ, ಉಪ್ಪಿಟ್ಟಿಗೆಂದು ಅವ್ವ ಊರಿಗೆ ಹೋಗದೆ ಉಳಿದಿದ್ದಳು.

ಕಿಟಕಿಯ ಪರದೆ ಎಳೆದು ಕೋಣೆ ಕತ್ತಲು ಮಾಡಿದೆ. ಎರಡೂ ಕಂಪ್ಯೂಟರಿನಲ್ಲಿ ಒಂದೇ ರಸ್ತೆ, ಒಂದೇ ತಿರುವಿನಲ್ಲಿ ಕಾರು ನಿಲ್ಲಿಸಿದೆ. ಹಿಗ್ಗಿಸಿದ್ದು ಇದು, ಕುಗ್ಗಿಸಿದ್ದು ಅದು ಎಂದು ಬೆರಳು ತೋರಿಸಿ ಭಾಷಣ ಬಿಗಿದೆ. ಹುಡುಗಿಯ ಅಣ್ಣ ಬಗ್ಗಿ ನೋಡಿ, ಇಂಥದ್ದು ತಮ್ಮ ಕಾಲೇಜಿನಲ್ಲೂ ಇಲ್ಲ ಎಂದ. ತಂದೆಗೆ ರಸ್ತೆಯೂ ತಿಳಿಯಲಿಲ್ಲ, ಹಲ್ಲೂ ತಿಳಿಯಲಿಲ್ಲ. ಮಗ ತಲೆದೂಗಿದ್ದು ತಿಳಿಯಿತು. ಹುಡುಗನಿಗೆ ತಲೆ ಇದೆ ಎಂದು ಅವ್ವನ ಕಡೆ ತಿರುಗಿ ಹೇಳಿದರು. ಅಲ್ಲಿಗೆ ಸುಮ್ಮನಾಗಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಇನ್ನೂ ಚೆನ್ನಾಗಿ ಕಾಣಲಿ ಎಂದು ಅವರನ್ನು ಮುಂದಕ್ಕೆ ಕರೆದು ಕೂರಿಸಿದೆ.

ಚಹಾ ಹಿಡಿದು ಬಂದ ಅವ್ವ ಅವರ ಪಕ್ಕದಲ್ಲಿ ನಿಂತಳು. ಓರೆಯಿಂದ ನೋಡಿದವಳಿಗೆ ತಾನು ಪೂಜೆ ಮಾಡಿದ್ದ ಕಂಪ್ಯೂಟರಿನ ಗಾಜಿನ ಮೇಲಿನ ಮಬ್ಬು ಕಂಡಿತು. ಬೀಗರಾಗುವವರ ಮುಂದೆ ಮಗನ ಸಾಮಾನು ಹೊಲಸು! ಸೆರಗು ಹಿಡಿದು ಬಾಗಿ, ಗಾಜಿಗೆ ಬಾಯಿಯ ಹಬೆ ಕೊಟ್ಟು ತಿಕ್ಕಿದಳು. ತಿಕ್ಕಿದಲ್ಲೆಲ್ಲ ರಸ್ತೆಗೆ ಹಲ್ಲು ಮೂಡುತ್ತ ಬಂದವು. ಎರಡು ಪರದೆಗೂ ಕೂದಲಷ್ಟೂ ಫರಕು ಉಳಿಯಲಿಲ್ಲ.

ಹುಡುಗಿಯ ಅಣ್ಣ ಪರದೆ ನೋಡಿದ, ಅವ್ವನ ಸೆರಗಿಗೆ ಹತ್ತಿದ ಬಿಳಿ ನೋಡಿದ, ನನ್ನ ಮುಖ ನೋಡಿದ. ಆಮೇಲೆ ತಲೆ ತಗ್ಗಿಸಿ ನಗು ನುಂಗಿದ. ನನಗೂ ಆಗಲೇ ಎಲ್ಲ ಹೊಳೆದಿತ್ತು. ನೆಲ ಬಿರಿಯಬಾರದೆ ಎನ್ನಿಸಿತು. ಅವ್ವನಿಗೆ ಮಾತ್ರ ಬೇರೆಯೇ ತಿಳಿದಿತ್ತು. ಅವಳ ಕೈ ಗಾಳಿಯಲ್ಲೇ ನಿಂತಿತ್ತು. ಸೆರಗು ಬಿಟ್ಟು ಆ ಹಿರಿಯರಿಗೆ ಕೈ ಮುಗಿದಳು.

"ನನ್ನ ಕೈಲೆ ಕೆಟ್ಟಿತ್ರಿ. ತಿಳೀಲಾರದ ಮುಟ್ಟೇನಿ. ಹುಡುಗನ ಮ್ಯಾಲ ಏನೂ ತಿಳ್ಕೋಬ್ಯಾಡ್ರಿ."

ಇರಲಿ ಬಿಡ್ರಿ, ಯಂತ್ರ ಅಂದಮೇಲೆ ಕೆಡುತ್ತದೆ ಎಂದು ಅವರು ಚಹಾ ಬಟ್ಟಲು ಎತ್ತಿಕೊಂಡರು. ಅವರು ಹಾಗೇ ತಿಳಿದುಕೊಂಡಿದ್ದರೆ ಸಂಬಂಧ ಉಳಿಯುತ್ತದೆ ಎಂಬ ಆಸೆ ನನಗಿತ್ತು, ಸುಳ್ಳು ಯಾಕೆ ಹೇಳಲಿ. ಅವರು ಬಟ್ಟಲು ಕೆಳಗಿಟ್ಟು, ಎದ್ದು, ಚಪ್ಪಲಿ ಮೆಟ್ಟಿದರು. ಅವ್ವ ಇನ್ನೂ ಕೈ ಮುಗಿದುಕೊಂಡೇ ನಿಂತಿದ್ದಳು. ಆ ಕೈ ನೋಡಲಾಗದೆ ನಾನು ಬಾಯಿ ಬಿಟ್ಟೆ.

"ಅವ್ವ ಏನೂ ಕೆಡಿಸಿಲ್ರಿ. ಅದು ಮೊದಲಿಂದ ಹಾಂಗ ಇತ್ತು. ಗಾಜಿಗಿ ಎಣ್ಣಿ, ವಿಭೂತಿ ಹತ್ತಿ ಹಲ್ಲು ಮುಚ್ಚಿದ್ವು. ನಾ ಅದನ್ನ ನನ್ನ ಶಾಣ್ಯಾತನ ಅಂತ ತಿಳ್ಕೊಂಡಿದ್ದೆ."

ಅವರು ಮಗನ ಕಡೆ ನೋಡಿದರು. ಅವನು ಹೌದೆಂದು ತಲೆಯಾಡಿಸಿದ. ಯಾರೂ ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು. ಹುಡುಗಿ ಇನ್ನೂ ಓದಬೇಕಂತೆ ಎಂದು ಕೆಲವು ದಿನಗಳ ಮೇಲೆ ಯಾರದೋ ಬಾಯಿಂದ ಸುದ್ದಿ ಬಂತು.

ಅವ್ವನನ್ನು ಬಸ್ಸಿಗೆ ಬಿಡಲು ಹೋದಾಗ ಅವಳು ನನ್ನ ಗದ್ದ ಹಿಡಿದಳು.

"ನನ್ನ ಮಾನ ಉಳಸಾಕ ಸುಳ್ಳ ಹೇಳಿ ನಿನ್ನ ಮಾನ ಕಳಕೊಂಡ್ಯಲ್ಲೋ, ಯಪ್ಪಾ."

ಸುಳ್ಳಲ್ಲ ಎಂದೆ. ಮತ್ತೆ ವಿಭೂತಿ ಹಚ್ಚಿ ತೋರಿಸುತ್ತೇನೆ, ಮೇಲೆ ಬಾ ಎಂದು ಕೈ ಹಿಡಿದು ಎಳೆದೆ. ಕೊನೆಗೆ ಸಿಟ್ಟಿನಿಂದ ಕೂಗಾಡಿದೆ. ಅವಳು ಬಸ್ಸಿನ ಕಿಟಕಿಯಿಂದ ಕಣ್ಣೊರೆಸಿಕೊಂಡು ನಕ್ಕಳು. ಮುಂದೆ ಬಂದವರಿಗೆಲ್ಲ, ನನ್ನನ್ನು ಮದುವೆಯಾಗಿ ಬಂದವಳಿಗೂ, ಅದನ್ನೇ ಹೇಳಿದಳು: ತಾಯಿಯ ಸಲುವಾಗಿ ಸುಳ್ಳು ಹೇಳಿದ ಬಂಗಾರದಂಥ ಮಗ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಸುಮ್ಮನೆ ಹೇಳಿಲ್ಲ. ನಾನು ಹೇಳಿದ್ದು ನಿಜವನ್ನೇ. ಅವಳು ಕೈ ಮುಗಿಯುವ ಮೊದಲೇ ಹೇಳಿದ್ದರೆ ಅದು ನಿಜದ ಹಾಗೆ ಕೇಳಿಸುತ್ತಿತ್ತು.

ಮರುವರ್ಷದ ಮಹಾನವಮಿಗೆ ವಿಭೂತಿ ಹಿಡಿದುಕೊಂಡು ಬಂದಳು, ಆದರೆ ಮಾಳಿಗೆ ಹತ್ತಲಿಲ್ಲ. ಬೀದಿಯಲ್ಲೇ ನಿಂತು ನನ್ನನ್ನು ಕೂಗಿದಳು. ಮೇಲೆ ಹೋಗಬಾರದೇನು ಎಂದು ಬಟ್ಟೆ ಅಂಗಡಿಯವರು ಕೇಳಿದ್ದು ಕೇಳಿಸಿತು. ನಾನು ಅರ್ಧ ಮೆಟ್ಟಿಲು ಇಳಿದಿದ್ದೆ.

"ಬ್ಯಾಡ್ರಿ," ಎಂದಳು ಅವ್ವ. "ನಾ ಮುಟ್ಟಿದ್ರ ಕೆಡತದ."

ನಾನು ಅಲ್ಲಿಯೇ ಗೋಡೆ ಹಿಡಿದು ನಿಂತೆ. ಅವ್ವ ಕೆಳಗಿನಿಂದ ಮತ್ತೆ ಕೂಗಿದಳು.